ರೇಟು ಬಿದ್ದಾಗ ನಮ್ಮ ಕಾಕಾ

ಹುಬ್ಬಳ್ಳಿಯ ಬೆಂಗೇರಿಯಲ್ಲಿ, ಕಾಕಾನ ಮನೆಯ ಪಡಸಾಲೆಯಲ್ಲಿ ಅವತ್ತು ನಾವು ನಾಲ್ವರಿದ್ದೆವು. ಗೋಡೆಗೆ ದಿಂಬು ಒರಗಿಸಿಕೊಂಡು ಮಂಚದ ಮೇಲೆ ಕೂತವಳು ಕಾಕು, ಕಾಕಾನ ಹೆಂಡತಿ. ಅವಳ ಕಾಲ ಹತ್ತಿರ, ಪಂಚಾಯ್ತಿಗೆ ಕರೆತಂದ ಕಳ್ಳನ ಹಾಗೆ ಮಂಚದ ಅಂಚಿನಲ್ಲಿ ಕೂತವರು ಕಾಕಾ. ಅಡಿಗೆಮನೆಯ ಹೊಸ್ತಿಲಲ್ಲಿ ನಮ್ಮವ್ವ, ಚಾಪೆಯ ಮೇಲೆ ನಾನು. ಎಲ್ಲರ ನಡುವೆ ನೆಲದ ಮೇಲೆ ಒಂದು ಬಾಳೆಗೊನೆ. ಗೊನೆ ಎಂದರೆ ಡಜನ್ನು, ಎರಡು ಡಜನ್ನಿನ ಮಾತಲ್ಲ. ಮದುವೆ ಹಂದರಕ್ಕೆ ಕಟ್ಟುವಂಥದ್ದು.

"ಯಾರ ಲಗ್ನ ಐತಪಾ ಮನ್ಯಾಗ?" ಎಂದಳು ಅವ್ವ.

"ಲಗ್ನ ಎಲ್ಲಿದು ವೈನಿ. ರೇಟು ಬಿದ್ದಿತ್ತು," ಎಂದರು ಕಾಕಾ.

ಕಾಕುವಿನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ಧಾರವಾಡದ ಬದಿಯ ಸತ್ತೂರಿನ ಆಸ್ಪತ್ರೆಗೆ ಹೋಗಿ, ರಕ್ತ ತೊಳೆಯುವ ಮಷೀನಿಗೆ ಮೈಕೊಟ್ಟು ಮಲಗಬೇಕು. ಕುಡಿಯುವ ನೀರೂ ಅಳತೆಯದು. ತಿನ್ನಬಾರದ ವಸ್ತುಗಳೆಂದು ಡಾಕ್ಟರು ಹೇಳಿದ್ದರಲ್ಲಿ ಮೊದಲನೆಯದೇ ಬಾಳೆಹಣ್ಣು. ಹಾಗಾದರೆ ಆ ಮನೆಯಲ್ಲಿ ಬಾಳೆಹಣ್ಣು ತಿನ್ನಲು ಉಳಿದವರು ಯಾರು? ಕಾಕಾ ಒಬ್ಬರೇ. ಅವರಿಗೆ ಸಕ್ಕರೆ ಕಾಯಿಲೆ.

ನಮ್ಮ ಕಾಕಾನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ತಂಬಾಕಿನ ಚೀಟಿಯನ್ನೂ ಮುಟ್ಟಿದವರಲ್ಲ. ಅಂಥ ಚಟಗಳಿದ್ದರೆ ಎಷ್ಟೋ ಸೋವಿಯಾಗುತ್ತಿತ್ತು ಎಂಬುದು ನಮ್ಮವ್ವನ ಅಭಿಪ್ರಾಯ. ಅವರ ಚಟ ಬೇರೆ. ಜೀವಮಾನವೆಲ್ಲ ಹತ್ತಿ ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು. ಬಿದ್ದಾಗ ಕೊಳ್ಳಬೇಕು, ಏರಿದಾಗ ಮಾರಬೇಕು, ಇದು ಅವರು ಕಲಿತ ವೇದ. ಸಾಹುಕಾರನ ಮನೆ ಮೂರು ಅಂತಸ್ತು ಎದ್ದದ್ದು ಈ ವೇದದಿಂದಲೇ. ಕೆಲಸ ಬಿಟ್ಟು ಮನೆಗೆ ಬಂದ ಮೇಲೂ ಕಾಕಾ ಅದನ್ನು ಬಿಡಲಿಲ್ಲ. ಆದರೆ ಮನೆಯಲ್ಲಿ ಮೊದಲರ್ಧ ಮಾತ್ರ ನಡೆಯುತ್ತಿತ್ತು. ಕೊಳ್ಳುವುದು ಉಂಟು, ಮಾರುವುದಿಲ್ಲ. ಅಟ್ಟದ ಮೇಲೆ ಒಂದು ಮದುವೆ ಮಂಟಪ ಗುಡಿಸುವಷ್ಟು ಕಸಬರಿಗೆ. ಮಳೆ ನಿಂತ ಮೇಲೆ ಕೊಂಡ ಕೊಡೆಗಳು. ಬಣ್ಣ ಚೆನ್ನಾಗಿದೆ ಎಂದು ತಂದ ಒಂದು ಚೀಲ ಬ್ಯಾಡಗಿ ಮೆಣಸಿನಕಾಯಿ, ಅದರ ಘಾಟಿಗೆ ಓಣಿಯ ಬೆಕ್ಕುಗಳೂ ಆ ಮನೆಯತ್ತ ಸುಳಿಯುವುದನ್ನು ಬಿಟ್ಟಿದ್ದವು.

ಕಾಕು ಗಟ್ಟಿಯಾಗಿದ್ದ ಕಾಲದಲ್ಲಿ ಇದಕ್ಕೊಂದು ಲಗಾಮಿತ್ತು. ಹಳೆಯ ವ್ಯಾಪಾರಸ್ಥರು ಮಾಲಿನ ರೇಟನ್ನು ಬಾಯಿಂದ ಆಡುತ್ತಿರಲಿಲ್ಲ. ಕೊಳ್ಳುವವನು, ಮಾರುವವನು ಇಬ್ಬರೂ ಒಂದು ಟವೆಲಿನ ಕೆಳಗೆ ಕೈ ಸೇರಿಸುವುದು. ಹಿಡಿದ ಬೆರಳು ಎಷ್ಟೋ ರೇಟು ಅಷ್ಟು. ಸುತ್ತ ನಿಂತವರಿಗೆ ಏನೂ ತಿಳಿಯಬಾರದು. ಕಾಕಾ ಈ ವಿದ್ಯೆಯನ್ನು ಮದುವೆಯಾದ ಹೊಸತರಲ್ಲಿ ಹೆಂಡತಿಗೆ ಹೇಳಿ ನಕ್ಕಿದ್ದರಂತೆ. ಹೇಳಬಾರದಿತ್ತು. ಅಂದಿನಿಂದ ಕಾಕು ಅಂಗಡಿಯಲ್ಲಿ ಗಂಡನ ಪಕ್ಕ ನಿಂತು, ಸೆರಗಿನ ಕೆಳಗೆ ಅವರ ಕೈ ಹಿಡಿಯತೊಡಗಿದಳು. ಹೆಬ್ಬೆರಳು ಒತ್ತಿದರೆ ಕೊಳ್ಳಬಹುದು. ಕಿರುಬೆರಳು ಚಿವುಟಿದರೆ ಬೇಡ. ನಾಲ್ಕು ಜನರ ಮುಂದೆ ಗಂಡನ ಮಾನವೂ ಉಳಿಯಿತು, ಮನೆಯೂ ಉಳಿಯಿತು. ಈ ವಯಸ್ಸಿನಲ್ಲೂ ಕೈಯಲ್ಲಿ ಕೈ ಇಟ್ಟು ನಿಂತಿದ್ದಾರಲ್ಲ ಎಂದು ನೋಡಿದವರು ಮೆಚ್ಚುತ್ತಿದ್ದರು. ಒಳಗೆ ಉಗುರು ಎಷ್ಟು ಆಳ ಇಳಿದಿದೆ ಎಂಬುದು ಅವರಿಗೇನು ಗೊತ್ತು?

ಈಗ ಉಗುರು ಮಂಚ ಹಿಡಿದಿತ್ತು. ಮಷೀನಿನ ಖರ್ಚು ಸರಕಾರದ ಯೋಜನೆಯಲ್ಲಿ ಹೇಗೋ ಸಾಗುತ್ತಿತ್ತು. ಆದರೆ ರಕ್ತ ಏರಲು ಕೊಡುವ ಇಂಜೆಕ್ಷನ್ನು, ಗುಳಿಗೆ, ಸತ್ತೂರಿಗೆ ಹೋಗಿ ಬರುವ ಆಟೋ ಮನೆಯ ಮೇಲೆಯೇ. ಬರುವುದೋ, ಮೇಲಿನ ಮನೆಯ ಬಾಡಿಗೆ ಮತ್ತು ಒಂದಿಷ್ಟು ಬಡ್ಡಿ. ಮೊದಲು ಇಂಜೆಕ್ಷನ್ನು, ಆಮೇಲೆ ಆಟೋ, ಉಳಿದದ್ದರಲ್ಲಿ ರೊಟ್ಟಿ ಎಂದು ಕಾಕು ಕಟ್ಟು ಮಾಡಿದ್ದಳು. ಕಾಕಾನ ಕೈ ಒಂದು ಸಲ ಜಾರಿದರೆ ಅವಳ ಮೈಗೆ ಹೋಗುವ ಔಷಧಿಯೇ ಕಡಿಮೆ. ಇದು ಕಾಕಾನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಗೊನೆ ಬಂದಿತ್ತು.

"ಇನ್ನ ಮ್ಯಾಲ ಇವರು ಒಬ್ಬರ ಪ್ಯಾಟಿಗೆ ಹೋಗೂದು ಬ್ಯಾಡ," ಎಂದು ಕಾಕು ತೀರ್ಪು ಕೊಟ್ಟಳು. ನನ್ನ ಕಡೆ ತಿರುಗಿ, "ತಂಗಿ, ನೀ ಜೋಡಿ ಹೋಗು. ಕಿರುಬೆರಳು ಚಿವುಟು. ರಕ್ತ ಬಂದ್ರೂ ಬಿಡಬ್ಯಾಡ," ಎಂದಳು.

ಸಂಜೆ ಟ್ಯೂಷನ್ ಹೇಳುವ ನನಗೆ ಹಗಲು ಬಿಡುವಿತ್ತು. ಒಪ್ಪಿಕೊಂಡೆ. ಹಿರಿಯರನ್ನು ಚಿವುಟುವ ನೌಕರಿ ಯಾರಿಗೆ ಬೇಡ?

ಕೆಲವು ವಾರ ಎಲ್ಲ ಸರಿಯಾಗಿಯೇ ನಡೆಯಿತು. ನನ್ನ ವೇಲಿನ ಕೆಳಗೆ ಕಾಕಾನ ಕಿರುಬೆರಳು ಕೆಂಪಾಗಿ, ಮನೆಗೆ ಉಪ್ಪು, ಬೇಳೆ, ಸಾಬೂನು ಮಾತ್ರ ಬಂದವು. ಆಮೇಲೆ ಬಂತು ರಗ್ಗಿನ ಅಂಗಡಿ. ಹುಬ್ಬಳ್ಳಿಯ ಪೇಟೆಯಲ್ಲಿ, ಮಟಮಟ ಮಧ್ಯಾಹ್ನ, ತಲೆ ಕಾದು ಹೆಂಚಾಗುವ ಬಿಸಿಲಿನಲ್ಲಿ ಒಬ್ಬ ಉಳಿದ ಕೊನೆಯ ಐದು ಉಣ್ಣೆಯ ರಗ್ಗುಗಳನ್ನು ಮಾರಲು ಕೂತಿದ್ದ. ಕಾಕಾ ಒಂದನ್ನು ಮುಟ್ಟಿದರು. ಮೂಗಿಗೆ ಹಿಡಿದರು. ಅವರ ಕಣ್ಣು ಬೇರೆಯಾಯಿತು. ನಾನು ಗಾಬರಿಯಿಂದ ವೇಲಿನ ಕೆಳಗೆ ಕೈ ಹಾಕಿದೆ. ಕಿರುಬೆರಳು ಸಿಗಲಿಲ್ಲ. ಹೇಗಾದರೂ ಮಾಡಿ ಎಳೆದುಕೊಂಡು ಹೋಗೋಣವೆಂದು ಇಡೀ ಕೈಯನ್ನೇ ಗಪ್ಪನೆ ಹಿಡಿದೆ.

ಕಾಕಾ ನನ್ನನ್ನು ಆಶ್ಚರ್ಯದಿಂದ ನೋಡಿದರು. ಆಮೇಲೆ ಅಂಗಡಿಯವನಿಗೆ, "ಐದೂ ಕಟ್ಟಪಾ," ಎಂದರು.

ಬಸ್ಸಿನಲ್ಲಿ ನಮ್ಮಿಬ್ಬರ ತೊಡೆಯ ಮೇಲೆ ಐದು ರಗ್ಗು. ಬೆವರು ಧಾರೆಯಾಗಿ ಇಳಿಯುತ್ತಿತ್ತು.

"ಕಾಕಾ, ನಾ ಯಾವಾಗ ತೊಗೋರಿ ಅಂದೆ?"

"ಐದೂ ಬೆರಳು ಹಿಡದಿ. ಅಂದ್ರ ಐದು ರಗ್ಗು. ನಾ ಒಂದ ಸಾಕು ಅನ್ನಾಂವ ಇದ್ದೆ."

"ಎಳಕೊಂಡ ಬರಾಕ ಹಿಡದಿದ್ದೆ ಕಾಕಾ. ತಿರುಗಿ ಕೊಟ್ಟ ಬರೋಣ ನಡೀರಿ."

"ಬಟ್ಟಿ ಕೆಳಗ ಒಪ್ಪಿದ ಮಾತು ಮ್ಯಾಲ ಬಂದು ತಿರುವಬಾರದವ್ವ. ಮಂದಿ ಏನಂದಾರು?"

ಕಾಕು ರಗ್ಗುಗಳನ್ನು ನೋಡಿದಳು. ಬೆರಳು ಮಡಚಿ ಐದನ್ನೂ ಎಣಿಸಿದಳು.

"ಇಂಜೆಕ್ಷನ್ನಿನ ರೊಕ್ಕ ಇದರಾಗ ಐತಿ, ಹೌದಲ್ರಿ?"

ಕಾಕಾ ಗೋಡೆ ನೋಡುತ್ತ, "ಹೂಂ," ಎಂದರು.

"ಹಂಗಾರ ಒಂದು ಕೊಡ್ರಿ ಇಲ್ಲೆ. ಚುಚ್ಚಿಸಿಕೊಳ್ಳೂದರ ಬದಲಿ ಹೊಚ್ಚಿಕೊಂಡು ಮಲಗತೇನಿ."

ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ. ಕಾಕು ಮಾತ್ರ ನಿಜವಾಗಿಯೂ ರಗ್ಗನ್ನು ಮೊಣಕಾಲಿನ ಮೇಲೆ ಎಳೆದುಕೊಂಡಿದ್ದಳು. ಆ ಬೇಸಿಗೆಯಲ್ಲೂ ಅವಳಿಗೆ ಚಳಿಯಾಗುತ್ತಿತ್ತು.

ಮರುದಿನ ಕಾಕಾ ಅದನ್ನೂ ಮಡಚಿ ತೆಗೆದುಕೊಂಡು, ಐದನ್ನೂ ಹೊತ್ತು ಧಾರವಾಡದ ಸಪ್ತಾಪುರಕ್ಕೆ ಹೊರಟರು. ಅಲ್ಲಿ ಬಾಡಿಗೆ ಖೋಲಿಗಳಲ್ಲಿ ಓದುವ ಹುಡುಗರಿದ್ದಾರೆ, ಪರ ಊರಿನವರು, ಅವರಿಗೆ ಹಾಸಿಗೆ ಹೊದಿಕೆ ಬೇಕಲ್ಲ ಎಂಬ ಲೆಕ್ಕ. ಐದು ಬೆರಳು ಹಿಡಿದ ಪಾಪಕ್ಕೆ ನಾನೂ ಹೋದೆ. ಮನೆಯಿಂದ ಮನೆಗೆ, ಮೆಟ್ಟಿಲು ಹತ್ತಿ, ಮೆಟ್ಟಿಲು ಇಳಿದು. ಬನಿಯನ್ನಿನಲ್ಲೇ ಬಾಗಿಲು ತೆರೆದವನೊಬ್ಬ ನಮ್ಮನ್ನೂ ರಗ್ಗನ್ನೂ ನೋಡಿದ.

"ಅಜ್ಜಾರ, ಈ ಬಿಸಲಾಗ ರಗ್ಗೇನ್ರಿ?"

"ಬಿಸಲಾಗ ತೊಗೊಂಡಾಂವ ಮಳಿಗಾಲದಾಗ ನಗತಾನ ತಮ್ಮಾ. ಆವಾಗ ರೇಟು ಏರತೈತಿ."

"ಹಂಗಿದ್ರ ನೀವ ಇಟಗೊಂಡು ಆವಾಗ ಮಾರ್ರೆಲ್ಲ. ಈಗ್ಯಾಕ ಮಾರಾಕತ್ತೀರಿ?"

ಕಾಕಾನಂಥ ಕಾಕಾ, ದಲಾಲಿ ಅಂಗಡಿಯಲ್ಲಿ ಎಂಥೆಂಥವರ ಬಾಯಿ ಮುಚ್ಚಿಸಿದವರು, ರಗ್ಗುಗಳನ್ನು ಹೊಸ್ತಿಲ ಮೇಲೆ ಇಳಿಸಿದರು.

"ನಮ್ಮ ಮನ್ಯಾಗ ಮಳಿಗಾಲ ಈಗ ಐತಪಾ," ಎಂದರು.

ಹುಡುಗ ಕೊಂಡ. ಪಕ್ಕದ ಖೋಲಿಯವನನ್ನೂ ಕರೆದು ಒಂದು ಕೊಡಿಸಿದ. ಉಳಿದವು ಸಂಜೆಯೊಳಗೆ ಸಿಕ್ಕ ಬೆಲೆಗೆ ಹೋದವು. ವೇದದ ಎರಡನೆಯ ಅರ್ಧವನ್ನು ಕಾಕಾ ಮೊದಲ ಸಲ ನಡೆಸಿದ್ದು ಹೀಗೆ, ಅದೂ ನಷ್ಟದಲ್ಲಿ. ಇಂಜೆಕ್ಷನ್ನು ಒಂದು ಸರತಿ ತಪ್ಪಿ, ಮುಂದಿನ ಸರತಿಗೆ ಹೋಯಿತು. ಆ ವಾರ ಕಾಕುವಿಗೆ ಮನೆಯ ಮುಂದಿನ ಮೆಟ್ಟಿಲು ಹತ್ತಲಾಗಲಿಲ್ಲ. ಕಾಕಾ ಮತ್ತು ಆಟೋದವನು ಕುರ್ಚಿಯಲ್ಲಿ ಕೂರಿಸಿ ಎತ್ತಿ ತಂದರು.

ನನ್ನ ನೌಕರಿ ಹೋಯಿತು. "ಇಕಿ ಬೆರಳು ನಂಬಿ ಕೆಟ್ಟಿವಿ," ಎಂದಳು ಕಾಕು. "ಏನರೆ ಕೊಳ್ಳೂ ಮೊದಲ ಫೋನ್ ಹಚ್ಚರಿ, ವೀಡಿಯೋದಾಗ ಮಾರಿ ಕಾಣೂ ಹಂಗ. ನಾನ ನೋಡತೇನಿ."

ಇದು ಚೆನ್ನಾಗಿ ನಡೆಯಿತು. ಸತ್ತೂರಿನಲ್ಲಿ ಕಾಕುವನ್ನು ಒಳಗೆ ಮಲಗಿಸಿದ ಮೇಲೆ ಕಾಕಾ ಅಲ್ಲಿ ಕೂಡುತ್ತಿರಲಿಲ್ಲ. ಆ ಕೊಳವೆಗಳಲ್ಲಿ ರಕ್ತ ಓಡುವುದನ್ನು ನೋಡಲಾರೆ ಎಂದು ಧಾರವಾಡದ ಪೇಟೆ ತಿರುಗಲು ಹೋಗುತ್ತಿದ್ದರು. ಹಾಸಿಗೆಯ ಬದಿಗೆ ನಾನು ಫೋನ್ ಹಿಡಿದು ಕೂಡುತ್ತಿದ್ದೆ. ಒಮ್ಮೆ ತಾಮ್ರದ ಹಂಡೆ ಕಾಣಿಸಿತು. ಹಂಡೆಯ ಹಿಂದೆ ಅಂಗಡಿಯವನು.

"ಅವ್ವಾರ, ಹಿಂಥಾ ಮಾಲು ಈಗ ಹುಡುಕಿದರೂ ಸಿಗಂಗಿಲ್ರಿ."

"ತಳಾ ತೋರಸರಿ," ಎಂದಳು ಕಾಕು. ತಳ ತೋರಿಸಿದ. ಬೆಸುಗೆ ಕಂಡಿತು. ಬೆಲೆ ಇಳಿಯಿತು. ಕಿವಿ ತೋರಿಸಿದ. ಒಂದು ಕಿವಿ ಅಲುಗಾಡುತ್ತಿತ್ತು. ಬೆಲೆ ಮತ್ತೆ ಇಳಿಯಿತು. ಸಿಸ್ಟರ್ ಕೂಡ ಕೆಲಸ ಬಿಟ್ಟು ಬಂದು ನಿಂತಳು. ಕೊನೆಗೆ ಹಂಡೆ ಅರ್ಧ ಬೆಲೆಗೆ ಬಂದಾಗ ಕಾಕು, "ಛಲೋ ಆತು. ಬ್ಯಾಡ," ಎಂದಳು.

"ಮತ್ತ ಇಷ್ಟೊತ್ತನ ಯಾಕ ಕೇಳಿದ್ರಿ ಅವ್ವಾರ?"

"ನನಗೂ ಇಲ್ಲೆ ಹೊತ್ತು ಹೋಗಬೇಕಲ್ರಿ."

ಅಕ್ಕಪಕ್ಕದ ಮಷೀನಿನವರೂ ನಕ್ಕರು. ಆ ಕೋಣೆಯಲ್ಲಿ ನಗು ಕೇಳಿದ್ದು ನನಗೆ ನೆನಪಿರುವಂತೆ ಅದೇ ಮೊದಲು.

ಆಮೇಲಿನ ಒಂದು ದಿನ ಫೋನಿನಲ್ಲಿ ಕುದುರೆಯ ಜೀನು ಕಾಣಿಸಿತು. ಹೌದು, ಕುದುರೆಯ ಬೆನ್ನಿಗೆ ಬಿಗಿಯುವ ಜೀನು. ಹಳೆಯ ಸಾಮಾನಿನ ಅಂಗಡಿಯಲ್ಲಿ ಕಾಕಾ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದರು. ಕೊಳ್ಳಬೇಕೆಂದು ಅಲ್ಲ, ಬೈಸಿಕೊಳ್ಳಬೇಕೆಂದೇ ಹುಡುಕಿ ಹಿಡಿದದ್ದು ಎಂದು ನನಗೆ ಅನ್ನಿಸಿತು.

"ನೋಡಿಲ್ಲೆ, ಚರ್ಮ ನೋಡು. ರೇಟು ಪೂರಾ ಬಿದ್ದೈತಿ."

ಕಾಕು ನೋಡಿದಳು. "ಮನಸಾಗೇತೇನ್ರಿ?"

"ಹೂಂ."

"ತೊಗೋರಿ ಹಂಗಾರ."

ಜೀನು ಮಾಯವಾಯಿತು. ಫೋನಿನ ತುಂಬ ಅಂಗಡಿಯ ಮೇಲ್ಛಾವಣಿ, ತಿರುಗುವ ಒಂದು ಫ್ಯಾನು. ಬಳಿಕ ಕಾಕಾನ ದನಿ ಮಾತ್ರ ಬಂತು.

"ಕುದುರಿ ಎಲ್ಲೈತಿ ಅಂತ ಕೇಳವಲ್ಲಿ ನೀ."

"ಇರ್ಲಿ ಬಿಡ್ರಿ."

"ಬೈಯಿ."

"ಸಾಕಾಗೇತ್ರಿ," ಎಂದು ಕಾಕು ಕಣ್ಣು ಮುಚ್ಚಿದಳು.

ಕಾಕಾ ಬರಿಗೈಯಲ್ಲಿ ಓಡಿಬಂದರು. ಸಿಸ್ಟರನ್ನು ಹಿಡಿದು ಬಿ.ಪಿ. ನೋಡಿಸಿದರು, ಡಾಕ್ಟರನ್ನು ಹುಡುಕಿದರು. ಎಲ್ಲ ಇದ್ದ ಹಾಗೇ ಇದೆ ಎಂದು ಅವರು ಹೇಳಿದರು. ಕಾಕಾ ನಂಬಲಿಲ್ಲ. ನನ್ನನ್ನು ಹೊರಗೆ ಕರೆದು, "ಗಿರಾಕಿ ಚೌಕಾಶಿ ಬಿಟ್ಟರು ಅಂದ್ರ ಅಂಗಡಿ ಬಿಟ್ಟು ಹೊಂಟರು ಅಂತ ತಿಳೀಬೇಕವ್ವ," ಎಂದರು.

ಅಂದಿನಿಂದ ಅವರು ಏನನ್ನೂ ಕೊಳ್ಳಲಿಲ್ಲ. ಅಂಗಡಿಗಳ ಮುಂದೆ ನೆಲ ನೋಡುತ್ತ ನಡೆದರು. ಕಾಕು ಮಾಡಿದ ಕಟ್ಟು ಮೊದಲ ಬಾರಿಗೆ ತಿಂಗಳ ಕೊನೆಯ ತನಕ ಉಳಿಯಿತು, ಇಂಜೆಕ್ಷನ್ನು ಒಂದೂ ತಪ್ಪಲಿಲ್ಲ. ಇವನಿಗೆ ಬುದ್ಧಿ ಬಂತು ಎಂದು ಅವ್ವ ಓಣಿಯೆಲ್ಲ ಹೇಳಿಕೊಂಡು ಬಂದಳು. ಕಾಕುವಿಗೆ ಮಾತ್ರ ಇದು ಸರಿಬರಲಿಲ್ಲ. ಕಾಕಾ ಬರಿ ಚೀಲ ಮಡಚಿಕೊಂಡು ಒಳಗೆ ಬಂದಾಗಲೆಲ್ಲ ದಿಂಬಿನಿಂದ ತಲೆ ಎತ್ತುತ್ತಿದ್ದಳು.

"ಇವತ್ತೂ ಏನೂ ರೇಟು ಬಿದ್ದಿಲ್ಲೇನ್ರಿ?"

"ಎಲ್ಲಾ ಏರ್ಯಾವ," ಎನ್ನುತ್ತಿದ್ದರು ಕಾಕಾ. ಆ ವಾರ ಟೊಮೆಟೊವನ್ನು ಕೇಳುವವರಿಲ್ಲದೆ ರೈತರು ರಸ್ತೆಗೆ ಸುರಿದಿದ್ದರು.

ಶ್ರಾವಣ ಮುಗಿಯುವ ಮೊದಲೇ ಕಾಕು ಹೋದಳು. ಮನೆಯಲ್ಲಿ, ಬೆಳಗಿನ ಚಹಾ ಬೇಡವೆಂದು ಹೇಳಿ, ಗೋಡೆಯ ಕಡೆ ಹೊರಳಿ.

ಮಣ್ಣಾದ ಮೇಲಿನ ಮಂಗಳವಾರ ಸತ್ತೂರಿನ ಆಟೋ ಎಂದಿನಂತೆ ಬಾಗಿಲಿಗೆ ಬಂತು. ಆಟೋದವನು ಆ ದಿನಗಳಲ್ಲಿ ತನ್ನ ಊರಿಗೆ ಹೋಗಿದ್ದ, ಅವನಿಗೆ ಹೇಳುವುದನ್ನು ನಾವೆಲ್ಲ ಮರೆತಿದ್ದೆವು. ವಿಷಯ ತಿಳಿದು ಅವನು ಹಾರ್ನಿನ ಮೇಲಿಂದ ಕೈ ತೆಗೆದ. ಕಾಕಾ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದು ಆಟೋ ಹತ್ತಿದರು. ಒಬ್ಬರನ್ನೇ ಬಿಡಲಾಗದೆ ನಾನೂ ಹತ್ತಿದೆ. ಆಸ್ಪತ್ರೆಯ ಹೊರಸಾಲಿನ ಕುರ್ಚಿಯಲ್ಲಿ ಇಬ್ಬರೂ ಕೂತೆವು. ಹಳ್ಳಿಯಿಂದ ಬಂದ ಒಬ್ಬ ಹೆಣ್ಣುಮಗಳು ಗಂಡನನ್ನು ಒಳಗೆ ಬಿಟ್ಟು, ಚೀಲ ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದಳು. "ನೀ ಉಂಡ ಬಾರವ್ವ, ನಾ ನೋಡಕೋತೇನಿ," ಎಂದು ಕಾಕಾ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡರು. ಅವಳು ಉಂಡು ಬಂದಳು. ಮಷೀನು ಮುಗಿದು ಅವಳ ಗಂಡ ಹೊರಗೆ ಬರುವ ತನಕ ಕಾಕಾ ಎದ್ದು ಪೇಟೆಯ ಕಡೆ ಹೋಗಲಿಲ್ಲ. ಆಮೇಲೆ ಆ ಇಬ್ಬರನ್ನೂ ನಮ್ಮ ಆಟೋದಲ್ಲೇ ಕೂರಿಸಿಕೊಂಡು, ಬಸ್ ನಿಲ್ದಾಣದಲ್ಲಿ ಇಳಿಸಿ, ನಾವು ಬೆಂಗೇರಿಗೆ ಬಂದೆವು.