ತೊಟ್ಟಿಲ ಕೆಳಗಿನ ಪೆಟ್ಟಿಗೆ

ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೂ ಗುಂಡ್ಲುಪೇಟೆ ಸಂತೆಬೀದಿಯ ಅಂಗಡಿಯವರ ಸಂಘದ ಹಣ ಕಾಯಲು ನನಗಿಂತ ಯೋಗ್ಯನಿಲ್ಲ ಎಂದು ದೃಢವಾಗಿ ನಂಬಿದ್ದೆ.

ಸಂಘದ ಕಟ್ಟಳೆ ಸರಳ. ಪ್ರತಿ ಅಂಗಡಿಯವನೂ ವಾರಕ್ಕೊಂದಾಣೆ ಮರದ ಪೆಟ್ಟಿಗೆಗೆ ಹಾಕಬೇಕು. ಪೆಟ್ಟಿಗೆ ಒಬ್ಬನ ಮನೆಯಲ್ಲಿ, ಬೀಗದಕೈ ಇನ್ನೊಬ್ಬನ ಸೊಂಟದಲ್ಲಿ. ಯುಗಾದಿಗೊಮ್ಮೆ ಎಲ್ಲರೆದುರು ತೆರೆಯುವುದು. ಆ ಆಣೆಗಳಿಂದಲೇ ಮೊದಲು ತಕ್ಕಡಿ ಬಂತು, ಆಮೇಲೆ ಚಪ್ಪರ ಬಂತು, ಈಗ ಬಾವಿ ತೋಡಿಸುವ ಮಾತು.

ಬೀಗದಕೈ ನನ್ನ ಉಡಿದಾರದಲ್ಲಿತ್ತು. ಪೆಟ್ಟಿಗೆ ಬೆಲ್ಲದಂಗಡಿ ಮಾದಪ್ಪನ ಮನೆಯಲ್ಲಿ. ಆಣೆ ಹಾಕಲು ಬಂದವರೆಲ್ಲ ಅವನ ಜಗಲಿಯಲ್ಲಿ ಕಾಫಿ ಕುಡಿದು 'ಮಾದಪ್ಪಣ್ಣ, ಮಾದಪ್ಪಣ್ಣ' ಎನ್ನುವರು. ನನ್ನ ಬೀಗದಕೈ ಕಂಡವರು ಯಾರು? ಅಂಗಿ ಮುಚ್ಚಿತ್ತು. ಏಳು ವರ್ಷ ನನ್ನ ಹೊಟ್ಟೆ ಉರಿಯಿತು.

ಅಷ್ಟರಲ್ಲಿ ಮೊದಲ ಮೊಮ್ಮಗಳು ಹುಟ್ಟಿದಳು. ಅಂಥ ಮೂಗು ಚಾಮರಾಜನಗರದ ತನಕ ಹುಡುಕಿದರೂ ಸಿಗದು. ಆ ಸಂತೋಷದ ಭರದಲ್ಲಿ ಸಭೆಯಲ್ಲಿ ಎದ್ದು ನಿಂತೆ.

"ಪೆಟ್ಟಿಗೆ ಏಳು ವರ್ಷದಿಂದ ಒಂದೇ ಮನೇಲದೆ. ಇನ್ಮೇಲೆ ನಮ್ಮನೇಲಿರ್ಲಿ."

ಮಾದಪ್ಪ ತಕ್ಷಣ ಒಪ್ಪಿದ. ಅಷ್ಟು ಬೇಗ ಏಕೆ ಒಪ್ಪಿದ ಎಂದು ನಾನು ಯೋಚಿಸಬೇಕಿತ್ತು.

ಪೆಟ್ಟಿಗೆಯನ್ನು ತೊಟ್ಟಿಲ ಕೆಳಗೇ ಇರಿಸಿದೆ. ಮರುದಿನದಿಂದ ಜನವೋ ಜನ. ಬೆಳಿಗ್ಗೆ ಎಣ್ಣೆ ಅಂಗಡಿಯವನು, ಮಧ್ಯಾಹ್ನ ಬಟ್ಟೆ ಅಂಗಡಿಯವನು, ಸಂಜೆ ಮತ್ತೆ ಎಣ್ಣೆ ಅಂಗಡಿಯವನು. "ಮಗೀನ ನೋಡನ ಅಂತ ಬಂದೆ ಕಣಣ್ಣ" ಎನ್ನುವರು. ಮಾದಪ್ಪನಲ್ಲಿಗೆ ವಾರಕ್ಕೊಮ್ಮೆ ಹೋಗುತ್ತಿದ್ದವರು ನನ್ನ ಮನೆಗೆ ದಿನಕ್ಕೆರಡು ಸಲ!

"ನೋಡ್ದಾ, ಪೇಟೆಗೆ ಪೇಟೆಯೇ ನನ್ ಮೊಮ್ಮಗಳ ಮ್ಯಾಲೆ ಪ್ರಾಣ ಮಡಿಕಂಡದೆ" ಎಂದೆ ಹೆಂಡತಿ ನಂಜಮ್ಮನಿಗೆ.

ಅವಳು ಖಾಲಿಯಾದ ಕಾಫಿಪುಡಿ ಡಬ್ಬಿ ಕುಕ್ಕಿದಳು. "ಅವ್ರು ನೋಡದು ತೊಟ್ಟಿಲೊಳಕ್ಕಲ್ಲ, ತೊಟ್ಟಿಲ ಕೆಳಕ್ಕೆ. ಪೆಟ್ಟಿಗೇನೂ ನಿಮ್ತಾವ್ಲೆ, ಬೀಗದಕೈಯೂ ನಿಮ್ತಾವ್ಲೆ. ಎಣ್ಣೆ ಅಂಗಡಿಯೋರು ಈವತ್ತು ಪೆಟ್ಟಿಗೆ ಎತ್ತಿ ತೂಕ ನೋಡುದ್ರು."

ಸೊಂಟ ಮುಟ್ಟಿಕೊಂಡೆ. ಬೀಗದಕೈ ಅಲ್ಲೇ ಇತ್ತು. ಪೆಟ್ಟಿಗೆ ಕೇಳುವ ಆತುರದಲ್ಲಿ ಅದನ್ನು ಬಿಚ್ಚಿ ಕೊಡಬೇಕೆಂಬುದೇ ಹೊಳೆದಿರಲಿಲ್ಲ. ಇನ್ನೆರಡು ದಿನ ಕಳೆದಿದ್ದರೆ ಪೇಟೆಯಲ್ಲಿ ನನ್ನ ಹೆಸರು ಕಳ್ಳ ಎಂದಾಗುತ್ತಿತ್ತು.

ಓಡಿ ಹೋಗಿ ಮಾದಪ್ಪನ ಕೈಗೆ ಬೀಗದಕೈ ಇಟ್ಟೆ. ಅವನ ಮುಖ ಅರಳಿತು.

"ಏಳು ವರ್ಷದಿಂದ ಇದರ ಮ್ಯಾಲೇ ಕಣ್ಣಿತ್ತು ಕಣ್ಲಾ. ಪೆಟ್ಟಿಗೆ ಮಡಿಕಂಡೋನು ಊರಿಗೆಲ್ಲ ಕಾಫಿ ಕಾಸ್ಬೇಕು. ಇದಕ್ಕಾದ್ರೆ ಒಂದು ದಾರ ಸಾಕು."

ಈಗ ಅವನು ಅದನ್ನು ಅಂಗಿಯ ಮೇಲೆಯೇ, ಎಲ್ಲರಿಗೂ ಕಾಣುವಂತೆ ಕಟ್ಟಿಕೊಂಡು ಓಡಾಡುತ್ತಾನೆ. ಅಂಗಿಯ ಮೇಲೂ ಕಟ್ಟಬಹುದೆಂದು ನನಗೆ ಏಳು ವರ್ಷ ಹೊಳೆಯಲೇ ಇಲ್ಲ. ವಾರಕ್ಕೊಮ್ಮೆ ಆಣೆ ಹಾಕಲು ಬರುತ್ತಾನೆ. ನನ್ನನ್ನು ಕಂಡರೆ ಅಳುವ ಮೊಮ್ಮಗಳು ಅವನ ಬೀಗದಕೈ ಹಿಡಿದು ನಗುತ್ತಾಳೆ.

ಕಾಫಿ ತರುವುದು ನಾನು.