ಮನೆಗೊಂದೇ ಕಲ್ಲು

ಟೈಲರಮ್ಮ: ಕಲ್ಲು ಬಿಡ್ತೀರೋ ಇಲ್ವೋ?

ಟೈಲರ್: ಬಿಡಲ್ಲ. ಇದು ಮನೆ ಯಜಮಾನನ ಕಲ್ಲು.

ಟೈಲರಮ್ಮ: ಯಜಮಾನ! ಮನೇಲಿ ಸಕ್ಕರೆ ಡಬ್ಬ ಎಲ್ಲಿದೆ ಹೇಳಿ ನೋಡೋಣ, ಆಮೇಲೆ ಯಜಮಾನಿಕೆ.

ಟೈಲರ್: ಮೇಡಂ, ಸಕ್ಕರೆ ಡಬ್ಬದ ಪ್ರಶ್ನೆ ನಿಮ್ಮ ಸುತ್ತೋಲೇಲಿ ಇದೆಯಾ?

ಆ ಗಂಡಹೆಂಡಿರನ್ನು ನಾನು ಮೊದಲು ಕಂಡದ್ದು ಹೀಗೆ. ಶನಿವಾರ ಬೆಳಿಗ್ಗೆ, ಹೊಳೆದಂಡೆಯ ಪಾರ್ಕಿನ ಬಾಗಿಲಲ್ಲಿ, ಒಂದು ಬೆಣಚುಕಲ್ಲಿಗೆ ಇಬ್ಬರೂ ಜೋತುಬಿದ್ದಿದ್ದರು. ಆತನ ಕೊರಳಲ್ಲಿ ಅಳತೆ ಟೇಪು, ಜೇಬಿನ ಅಂಚಿಗೆ ಚುಚ್ಚಿದ ಸೂಜಿ, ಸೂಜಿಯಿಂದ ಇಳಿಬಿದ್ದ ನೀಲಿ ದಾರ. ಆಕೆಯ ಎಡಗೈಯಲ್ಲಿ ಚಪ್ಪಲಿ, ಪಾದಗಳೆರಡೂ ಒದ್ದೆ. ನಾನು ನಗರಸಭೆಯ ಕೆಲಸಕ್ಕೆ ಸೇರಿದ ಹೊಸತು. ಪಾರ್ಕಿನ ತುದಿಯ ಖಾಲಿ ದಂಡೆಯಲ್ಲಿ ಏನು ಮಾಡಬೇಕೆಂದು ಊರವರನ್ನೇ ಕೇಳುವ ಜವಾಬ್ದಾರಿ ನನ್ನದಾಗಿತ್ತು. ನನ್ನ ಮೇಜಿನ ಮೇಲೆ ಎರಡು ಮಡಕೆ. ಒಂದಕ್ಕೆ ಈಜುಕೊಳದ ಚಿತ್ರ, ಇನ್ನೊಂದಕ್ಕೆ ಕೇರಂ ಮಂಟಪದ ಚಿತ್ರ. ನಾನು ಮನೆಗೊಂದು ಕಲ್ಲು ಕೊಡಬೇಕು, ಮನೆಯವರು ಅದನ್ನು ತಮಗೆ ಬೇಕಾದ ಮಡಕೆಗೆ ಹಾಕಬೇಕು, ಭಾನುವಾರ ಸಂಜೆ ಎಣಿಕೆ.

ನಾನು: ಅಮ್ಮಾ, ಮನೇಲೇ ಮಾತಾಡ್ಕೊಂಡು ಬರಬಹುದಿತ್ತಲ್ಲ?

ಟೈಲರಮ್ಮ: ಮಾತಾಡ್ಕೊಂಡೇ ಬಂದಿದ್ದು ತಾಯಿ. ಪಕ್ಕದ ಮನೆಯವರು ಗೋಡೆ ಗುದ್ದಿ ಅವರ ಅಭಿಪ್ರಾಯಾನೂ ತಿಳಿಸಿದ್ರು.

ಟೈಲರ್: ಈ ವಯಸ್ಸಲ್ಲಿ ಈಜು ಕಲೀತಾಳಂತೆ ಮೇಡಂ! ಬಕೆಟ್ಟಿಗೆ ಬೆರಳು ಹಾಕಿ, 'ಅಯ್ಯಯ್ಯೋ ತಣ್ಣಗಿದೆ' ಅಂತ ಕೂಗೋಳು.

ಟೈಲರಮ್ಮ: ಹುಟ್ಟಿದ್ದು ಈ ಹೊಳೆ ದಡದಲ್ಲಿ, ಸಂಸಾರ ಮಾಡಿದ್ದು ಈ ಹೊಳೆ ದಡದಲ್ಲಿ. ಪಾದ ಮುಳುಗೋದಕ್ಕಿಂತ ಮುಂದೆ ಒಂದಿನಾನೂ ಹೋಗಿಲ್ಲ. ಮೊದಲು ಅಪ್ಪ ಬೇಡ ಅಂದ್ರು. ಆಮೇಲೆ ಅತ್ತೆ ಬೇಡ ಅಂದ್ರು. ಆಮೇಲೆ ಮಕ್ಕಳು ಚಿಕ್ಕವು. ಈಗ ಬೇಡ ಅನ್ನೋಕೆ ಉಳಿದಿರೋದು ಇವರೊಬ್ಬರೇ.

ಟೈಲರ್: ನಾನೆಲ್ಲಿ ಬೇಡ ಅಂದೆ? ಕೇರಂ ಬೇಕು ಅಂದೆ.

ಟೈಲರಮ್ಮ: ಇರೋದೊಂದೇ ಜಾಗ. ಹೇಗಂದ್ರೂ ಅಷ್ಟೇ ಆಯ್ತಲ್ಲ!

ಟೈಲರ್: ಬಟ್ಟೆ ಆಗಿದ್ರೆ ಕತ್ತರಿಸಿ ಅರ್ಧರ್ಧ ಕೊಟ್ಬಿಡ್ತಿದ್ದೆ. ಕಲ್ಲಾಗಿ ಹೋಯ್ತು. ಮೇಡಂ, ಮನೆಗೊಂದು ಅಂತೀರಲ್ಲ, ನಿಮ್ಮ ಲೆಕ್ಕದಲ್ಲಿ ಮನೆ ಅಂದ್ರೆ ಏನು?

ನಾನು ಸುತ್ತೋಲೆ ತೆಗೆದು ಗಟ್ಟಿಯಾಗಿ ಓದಿದೆ: "ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವವರು ಒಂದು ಮನೆ."

ಟೈಲರಮ್ಮ: ಮುಗೀತಲ್ಲ! ಬೇಯಿಸೋಳು ನಾನು. ಇವರು ಬರೀ ಉಣ್ಣೋರು. ಕೊಡಿ ಇಲ್ಲಿ ಕಲ್ಲು.

ಟೈಲರ್: ತಡಿ ತಡಿ. ಅಂಗಡೀಲಿ ನಂದೂ ಒಂದು ಸ್ಟವ್ ಇದೆ.

ಟೈಲರಮ್ಮ: ಅದರಲ್ಲಿ ಟೀ ಕಾಯ್ಸೋದು, ಅದೂ ಉಕ್ಕಿಸಿ!

ಟೈಲರ್: ಇವತ್ತಿಂದ ಅನ್ನಾನೂ ಬೇಯಿಸ್ತೀನಿ. ನಾನು ಬೇರೆ ಮನೆ. ನನಗೆ ಬೇರೆ ಕಲ್ಲು.

ಟೈಲರಮ್ಮ: ಆಗಲಿ. ಆದರೆ ಬೇರೆ ಅಂದ್ರೆ ಬೇರೇನೇ. ಉಪ್ಪು ಕೇಳ್ಕೊಂಡು ಬಂದ್ರೆ ಚಮಚದಲ್ಲಿ ಅಳೆದು ಕೊಡ್ತೀನಿ, ಹಾಗೇ ಅಳೆದು ವಾಪಸ್ ಕೊಡಬೇಕು.

ಟೈಲರ್: ನಿಮ್ಮನೆ ಉಪ್ಪು ಯಾರಿಗೆ ಬೇಕು ರೀ!

ಟೈಲರಮ್ಮ: ಆಹಾ, ಕೇಳಿದ್ರಾ ಮೇಡಂ? ಇಷ್ಟು ವರ್ಷ 'ಲೇ' ಆಗಿದ್ದೆ. ಮನೆ ಬೇರೆ ಆದ ತಕ್ಷಣ 'ರೀ' ಆದೆ!

ನಾನು: ಸರ್, ಬಾಯಿಮಾತಲ್ಲಿ ಹೇಳಿದ್ರೆ ಆಗಲ್ಲ. ನೀವು ಬೇಯಿಸಿದ್ದನ್ನೂ ಉಂಡಿದ್ದನ್ನೂ ನಾನು ಕಣ್ಣಾರೆ ನೋಡಬೇಕು.

ಟೈಲರ್: ಬನ್ನಿ, ಊಟಕ್ಕೇ ಬನ್ನಿ!

ಟೈಲರಮ್ಮ: ಹೋಗು ತಾಯಿ. ಆದರೆ ಉಂಡ್ಕೊಂಡು ಹೋಗು.

ಮಧ್ಯಾಹ್ನ ಹೋದೆ. ಹೊಲಿಗೆ ಅಂಗಡಿಯ ಬೆನ್ನಿಗೇ ಅವರ ಮನೆ, ನಡುವೆ ಒಂದು ಕಿಟಕಿ. ಅರ್ಧ ಹೊಲಿದ ಕೋಟಿನ ಪಕ್ಕದಲ್ಲಿ ಸ್ಟವ್ ಉರಿಯುತ್ತಿತ್ತು. ಟೈಲರ್ ಪಾತ್ರೆಯೊಳಗೆ ಟೇಪು ಇಳಿಬಿಟ್ಟು ಬಗ್ಗಿ ನೋಡುತ್ತಿದ್ದರು.

ಟೈಲರ್: ಮೇಡಂ, ಅಕ್ಕಿಗೆ ನೀರು ಎಷ್ಟು ಇಂಚು?

ಟೈಲರಮ್ಮ (ಕಿಟಕಿಯಿಂದ): ಹೇಳ್ಬೇಡ ತಾಯಿ! ಬೇರೆಯವರ ಮನೆ ಅಡುಗೇಲಿ ಬಾಯಿ ಹಾಕಬಾರದು.

ಟೈಲರ್: ಯಾರದು ಇಣುಕಿ ನೋಡೋದು? ಈ ಬೀದೀಲಿ ನೆರೆಹೊರೆ ಸರಿಯಿಲ್ಲ.

ಟೈಲರಮ್ಮ: ಅನ್ನಕ್ಕೆ ಅಳತೆ ತಗೊಳ್ತಿದ್ದಾರೆ ನೋಡು! ತೋಳು ಎಷ್ಟುದ್ದ ಇಡಬೇಕು ಅಂತಾನೂ ಕೇಳ್ಬಿಡಿ ಅದನ್ನ!

ಅನ್ನ ಇಳಿಯಿತು. ಮೇಲೆ ಅಕ್ಕಿ, ಕೆಳಗೆ ಇದ್ದಿಲು, ನಡುವೆ ಅಂಟು. ಟೈಲರ್ ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದರು.

ನಾನು: ಸಾಕು ಬಿಡಿ ಸರ್. ನೋಡಿದ್ದಾಯ್ತು.

ಟೈಲರ್: ಇಲ್ಲ ಮೇಡಂ. 'ಬೇಯಿಸಿ ಉಣ್ಣುವವರು' ಅಂತ ತಾನೇ ಇರೋದು? ಬೇಯಿಸೋದು ಆಯ್ತು. ಉಣ್ಣೋದೇ ಕಷ್ಟದ ಭಾಗ.

ಕಿಟಕಿಯ ಕಟ್ಟೆಯ ಮೇಲೆ ಸದ್ದಿಲ್ಲದೆ ಒಂದು ಮುಚ್ಚಿದ ತಟ್ಟೆ ಬಂದು ಕೂತಿತು. ಅದರಿಂದ ಹಬೆಯಾಡುತ್ತಿತ್ತು. ಟೈಲರ್ ಕೈ ತಾನಾಗಿಯೇ ಅತ್ತ ಚಾಚಿತು.

ನಾನು: ಅಮ್ಮಾ, ಆ ತಟ್ಟೆ ಈಚೆ ಬಂದ್ರೆ ಎರಡು ಮನೆ ಒಂದಾಗಿಬಿಡುತ್ತೆ!

ಟೈಲರಮ್ಮ: ಇವರಿಗಲ್ಲ. ಬೆಕ್ಕಿಗೆ ಇಟ್ಟಿದ್ದು.

ಟೈಲರ್: ನಮ್ಮಲ್ಲಿ ಬೆಕ್ಕಿಲ್ಲ.

ಟೈಲರಮ್ಮ: ನಿಮ್ಮಲ್ಲಿಲ್ಲ. ನಮ್ಮನೇಲಿ ಇದ್ರೂ ಇರಬಹುದು, ನಿಮಗೇನು?

ತಟ್ಟೆ ಒಳಗೆ ಹೋಯಿತು. ಅದು ಹೋದ ದಾರಿಯನ್ನು ಟೈಲರ್ ನೋಡುತ್ತಲೇ ಇದ್ದರು. ನಾನು ಎರಡನೇ ಕಲ್ಲನ್ನು ಅವರ ಕೈಗೆ ಕೊಟ್ಟೆ. ನನಗೆ ಅನ್ನಿಸಿದ್ದು ಬೇರೆ, ಸುತ್ತೋಲೆಯಲ್ಲಿದ್ದದ್ದು ಬೇರೆ.

ಭಾನುವಾರ ಸಂಜೆ ಮೇಜಿನ ಸುತ್ತ ಜನ ನೆರೆದರು. ಟೈಲರಮ್ಮ ತಮ್ಮ ಕಲ್ಲನ್ನು ಈಜಿನ ಮಡಕೆಗೆ ಹಾಕಿ ಪಕ್ಕದಲ್ಲೇ ನಿಂತರು. ಎರಡೂ ಮಡಕೆ ಕಂಠದವರೆಗೆ ತುಂಬಿದ್ದವು. ಯಾವುದು ಹೆಚ್ಚು ಯಾವುದು ಕಡಿಮೆ ಹೇಳುವಂತಿರಲಿಲ್ಲ. ಕೊನೆಗೆ ಬಂದವರು ಟೈಲರ್. ಕೇರಂ ಗೆಳೆಯರು ಚಪ್ಪಾಳೆ ತಟ್ಟಿ ದಾರಿಬಿಟ್ಟರು. ಟೈಲರ್ ಹೊಟ್ಟೆ ಹಿಡಿದುಕೊಂಡೇ ಬಂದು, ಕಲ್ಲನ್ನು ಈಜಿನ ಮಡಕೆಗೆ ಹಾಕಿಬಿಟ್ಟರು.

ಟೈಲರಮ್ಮ: ರೀ! ಕನ್ನಡಕ ಎಲ್ಲಿ? ಅದು ಈಜಿಂದು!

ಟೈಲರ್: ಗೊತ್ತು.

ಟೈಲರಮ್ಮ: ಗೊತ್ತಾ? ಹಾಗಿದ್ರೆ ನಿನ್ನೇನೇ ಹೂಂ ಅಂದಿದ್ರೆ ಒಂದೇ ಒಲೇಲಿ ಮುಗೀತಿತ್ತಲ್ಲ!

ಟೈಲರ್: ಒಂದೇ ಒಲೆ ಆಗಿದ್ರೆ ಒಂದೇ ಕಲ್ಲು ಕಣೇ. ಈಗ ನಿನಗೆ ಎರಡು ಬಿತ್ತು.

ಟೈಲರಮ್ಮ: ಮೊದಲೇ ಯೋಚನೆ ಮಾಡಿದ್ರಾ?

ಟೈಲರ್: ಹೂಂ.

ಟೈಲರಮ್ಮ: ನನ್ನ ಮುಖ ನೋಡ್ಕೊಂಡು ಹೇಳಿ.

ಟೈಲರ್: ರಾತ್ರಿ ಊಟ ಆದ್ಮೇಲೆ ಯೋಚನೆ ಮಾಡಿದೆ. ಒಂದು ದಿನ ಒಲೆ ಮುಂದೆ ಕೂತಿದ್ದಕ್ಕೆ ಹೊಳೆಗೆ ಹಾರಿಬಿಡೋಣ ಅನ್ನಿಸ್ತು. ನೀನು ಇಷ್ಟು ವರ್ಷ ಕೂತಿದೀಯಲ್ಲ.

ಟೈಲರಮ್ಮ ಆತನ ಅಂಗಿಗೆ ಅಂಟಿದ್ದ ಒಂದು ಅಗುಳನ್ನು ಕಿತ್ತು ಎಸೆದರು.

ಎಣಿಸಿದೆವು. ಈಜು ಗೆದ್ದಿತು. ಕೇರಂ ಗೆಳೆಯರೊಬ್ಬರು ಮೇಜು ಗುದ್ದಿದರು.

ಗೆಳೆಯ: ಮೋಸ! ಇನ್ನೊಂದು ಸಲ ಎಣಿಸಿ! ನಾವೂ ಒಲೆ ಬೇರೆ ಮಾಡ್ಕೊಂಡು ಬರ್ತೀವಿ!

ಗುಂಪಿನ ಹಿಂದಿನಿಂದ ಅವರ ಹೆಂಡತಿ: ಮಾಡ್ಕೊಳ್ಳಿ! ಇವತ್ತೇ ಮಾಡ್ಕೊಳ್ಳಿ! ಬೆಂಕಿಪೊಟ್ಟಣ ನಾನೇ ತಂದ್ಕೊಡ್ತೀನಿ!

ಹೆಂಗಸರೆಲ್ಲ ಘೊಳ್ಳೆಂದು ನಕ್ಕರು. ಗಲಾಟೆ ಕೇಳಿ ನನ್ನ ಮೇಲಧಿಕಾರಿ ಬೆವರೊರೆಸಿಕೊಳ್ಳುತ್ತ ಬಂದರು.

ಮೇಲಧಿಕಾರಿ: ಏನಮ್ಮಾ ಇದು? ಒಲೆ ಗಿಲೆ ಅಂತ ಯಾವ ಪುಣ್ಯಾತ್ಮ ಬರೆದಿದ್ದು?

ನಾನು: ಕೆಳಗೆ ನಿಮ್ಮ ಸಹಿ ಇದೆ ಸರ್.

ಮೇಲಧಿಕಾರಿ: ಹೌದಾ? ಮತ್ತೇನು, ಸರಿಯಾಗೇ ಬರೆದಿದೆ. ಈಜುಕೊಳ ಅಂತ ಘೋಷಿಸು.

ಕೊಳ ಕಟ್ಟಿ ಎರಡು ಬೇಸಿಗೆ ಕಳೆದಿವೆ. ಟೈಲರಮ್ಮ ಈಗ ದಿನಾ ಬೆಳಿಗ್ಗೆ ಅಲ್ಲಿ ಹೊಸಬರಿಗೆ ಈಜು ಕಲಿಸುತ್ತಾರೆ.