ಎಲ್ಲರೂ ಕೋಸಂಬರಿ ತಂದ ಯುಗಾದಿ

ನಮ್ಮ ಸೋದರತ್ತೆಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಹೇಳಿದರೆ ಅವರ ಮನೆಯಲ್ಲಿ ಬಿಸಿಬೇಳೆಬಾತು ಸಿಗುವುದಿಲ್ಲ! ಆದರೆ ಬೆಳಿಗ್ಗೆ ಎದ್ದು ದೇವರಿಗೆ ದೀಪ ಹಚ್ಚುವ ಮೊದಲೇ ಲ್ಯಾಪ್‌ಟಾಪ್ ತೆರೆದು, "ಎಲ್ಲಾ ನೆಟ್ಟಗಿದ್ದೀರೇನ್ರಪ್ಪಾ?" ಎಂದು ಸ್ಪ್ರೆಡ್‌ಶೀಟನ್ನು ವಿಚಾರಿಸಿಕೊಳ್ಳುವವರನ್ನು ಏನೆಂದು ಕರೆಯಬೇಕೋ ನೀವೇ ಹೇಳಿ.

ಅತ್ತೆ ನನ್ನ ಅಪ್ಪನ ಅಕ್ಕ. ಮೈಸೂರಿನವರು. ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯೊಂದರ ಕಚೇರಿಯಲ್ಲಿ ದುಡಿದು ನಿವೃತ್ತರಾಗಿ ಅಲ್ಲೇ ಉಳಿದುಬಿಟ್ಟರು. ಸಂಸ್ಥೆ ರಾಕೆಟ್ಟು ಬಿಡುತ್ತಲೇ ಇದೆ, ಅತ್ತೆ ಮಾತ್ರ ಶೀಟು ಬಿಟ್ಟಿಲ್ಲ! ಪಕ್ಕದ ಮನೆಯ ಬೆಕ್ಕಿಗೂ ಒಂದು ಶೀಟುಂಟು. ಕೊಟ್ಟ ಹಾಲನ್ನು ಅದು ಕುಡಿದ ದಿನ ಹಸಿರು, ಕದ್ದು ಕುಡಿದ ದಿನ ಕೆಂಪು. ನನ್ನ ಫೋನ್ ಕರೆಗಳಿಗೆ ಇನ್ನೊಂದು. ಅದರಲ್ಲಿ ಎರಡು ಕಾಲಂ: 'ತಾನಾಗಿ ಮಾಡಿದ್ದು', 'ಬೈಸಿಕೊಂಡ ಮೇಲೆ ಮಾಡಿದ್ದು'. ಮೊದಲನೆಯದು ಎಷ್ಟು ಚೊಕ್ಕಟವಾಗಿದೆಯೆಂದರೆ ಅಲ್ಲಿ ರಂಗೋಲಿ ಹಾಕಬಹುದು.

ಚೌಕಾಬಾರ ಆಡುವವರ ಹಾಗೆ ಅತ್ತೆ ಶೀಟಿನ ಒಂದೊಂದು ಚೌಕಕ್ಕೆ, ಅಂದರೆ ಸೆಲ್ಲಿಗೆ, 'ಮನೆ' ಎನ್ನುತ್ತಾರೆ. ನೋಡುವವರು ನೋಡಬಹುದು, ಅವರ ಮನೆಗಳಿಗೆ ಇನ್ನೊಬ್ಬರು ಕೈಹಾಕುವಂತಿಲ್ಲ.

ಇಂಥವರ ತಮ್ಮನ ಮಗ ನಾನು. ಕೊಚ್ಚಿಯ ಕಾಕ್ಕನಾಡಿನ ಪುಟ್ಟ ಕಂಪನಿಯೊಂದರಲ್ಲಿ ಕೆಲಸ. ಎಐ ಏಜೆಂಟು ತಾನೇ ಸ್ಪ್ರೆಡ್‌ಶೀಟಿನೊಳಗೆ ಹೊಕ್ಕು ಸೆಲ್ಲುಗಳನ್ನು ತುಂಬುವ, ತಿದ್ದುವ, ಅಳಿಸುವ ಸಾಧನವೊಂದನ್ನು ನಾವು ಮಾಡುತ್ತಿದ್ದೇವೆ. ಅದು ತಪ್ಪು ಮಾಡುವುದು ಕಡಿಮೆ. ಆ ಕೊರತೆ ನೀಗಿಸಲು ನಾನಿದ್ದೇನಲ್ಲ! ಒಮ್ಮೆ ಆಫೀಸಿನ ಸಿಬ್ಬಂದಿಯ ಪಟ್ಟಿ ಕೊಟ್ಟು, "ಕೆಲಸಕ್ಕೆ ಬಾರದ ಸಾಲುಗಳನ್ನು ತೆಗೆದುಹಾಕು" ಎಂದೆ. ನನ್ನ ಸಾಲನ್ನು ತೆಗೆದುಹಾಕಿತು. ಹೋಗಲಿ ಎನ್ನಿ, ಯಂತ್ರಕ್ಕೇನು ಗೊತ್ತು? ನಾನಿಲ್ಲದ್ದು ಬಹಳ ದಿನ ಯಾರ ಗಮನಕ್ಕೂ ಬರಲಿಲ್ಲವಲ್ಲ, ಆ ನೋವು ಮಾತ್ರ ಇನ್ನೂ ಹೋಗಿಲ್ಲ.

ಹೋದ ಯುಗಾದಿಯ ಹಿಂದಿನ ದಿನ ತಿರುವನಂತಪುರಕ್ಕೆ ಹೋದೆ. ಅಲ್ಲಿನ ಕನ್ನಡದ ಮನೆಗಳವರೆಲ್ಲ ಅತ್ತೆಯ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಸೇರಿ ಹಬ್ಬದೂಟ ಮಾಡುವುದು ವಾಡಿಕೆ. ಯಾರು ಯಾವ ಅಡುಗೆ ತರಬೇಕೆಂಬುದು ಅತ್ತೆಯ ಶೀಟಿನಲ್ಲಿರುತ್ತದೆ. ಎಲ್ಲರೂ ಅದನ್ನು ಫೋನಿನಲ್ಲೇ ನೋಡಿಕೊಳ್ಳುತ್ತಾರೆ. ನಾನು ಕಾಫಿ ಲೋಟ ಇಳಿಸುವ ಮೊದಲೇ ನಮ್ಮ ಸಾಧನದ ಗುಣಗಾನ ಶುರುಮಾಡಿದೆ. ಕೈ ಬೀಸಿದೆ, ಎದ್ದು ನಿಂತೆ, ಗೋಡೆಯ ಮೇಲೆ ಚಿತ್ರ ಬರೆಯುವುದೊಂದು ಬಾಕಿ! ಅತ್ತೆ ಗಲ್ಲಕ್ಕೆ ಕೈ ಕೊಟ್ಟು ಕೇಳಿದರು. ಕೊನೆಗೆ ಲ್ಯಾಪ್‌ಟಾಪನ್ನು ನನ್ನ ಕಡೆಗೇ ತಳ್ಳಿದರು.

"ಹಾಕು ನಿನ್ನ ಏಜೆಂಟನ್ನ."

ಮೊದಲ ಅಪ್ಪಣೆಯನ್ನು ಅವರೇ ಟೈಪ್ ಮಾಡಿದರು: "ಬೇಜಾರು ಮಾಡ್ಕೋಬೇಡಪ್ಪಾ, ಹೆಸರುಗಳನ್ನ ಅಕಾರಾದಿಯಾಗಿ ಜೋಡಿಸ್ತೀಯಾ? ಅವಸರ ಏನಿಲ್ಲ." ಕಣ್ಣು ಮಿಟುಕಿಸುವಷ್ಟರಲ್ಲಿ ಜೋಡಿಸಿ, ಇನ್ನೇನಾದರೂ ಸಹಾಯ ಬೇಕೇ ಎಂದು ಕೇಳಿತು.

"ಎಷ್ಟು ವಿನಯ ನೋಡು! ನಿನ್ನ ಕೈಲಿ ಬೆಳೆದ ಕೂಸು ಅಂತ ಯಾರೂ ನಂಬಲ್ಲ" ಎಂದು ಹೇಳಿ ಒಬ್ಬಟ್ಟಿಗೆ ಕಣಕ ಕಲಸಲು ಎದ್ದರು.

ನಾನು ಅಲ್ಲಿಗೇ ನಿಲ್ಲಿಸಬೇಡವೇ? ಅಡುಗೆಯ ಕಾಲಮಿನಲ್ಲಿ ಮೊದಲ ಕುಟುಂಬದ ಹೆಸರಿನ ಮುಂದೆ ಮಾತ್ರ 'ಕೋಸಂಬರಿ' ಎಂದಿತ್ತು. ಉಳಿದವೆಲ್ಲ ಖಾಲಿ. "ಖಾಲಿ ಸೆಲ್ಲುಗಳನ್ನೆಲ್ಲ ತುಂಬು" ಎಂದೆ. ಅದು ಏನೋ ಉದ್ದಕ್ಕೆ ಕೇಳಿತು. ನನ್ನ ಒಂದು ಕೈಯಲ್ಲಿ ಚಕ್ಕುಲಿ. ಓದುವ ವ್ಯವಧಾನ ಯಾರಿಗಿದೆ? 'ಆಗಲಿ' ಎಂಬುದನ್ನು ಒತ್ತಿ ಲ್ಯಾಪ್‌ಟಾಪ್ ಮುಚ್ಚಿದೆ. ಅದು ಕೇಳಿದ್ದು, "ಮೇಲಿರುವುದನ್ನೇ ಎಲ್ಲಕ್ಕೂ ಹಾಕಲೇ?" ಎಂದು!

ಸಂಜೆ ಅತ್ತೆ ಮನೆಮನೆಗೆ ಫೋನು ಮಾಡಿದರೆ, "ನಮ್ಮ ಸಾಲು ನೋಡಿದೆ ಆಂಟಿ, ಶೀಟಲ್ಲಿದೆಯಲ್ಲ, ತರ್ತೀವಿ" ಎಂದು ಎಲ್ಲರದೂ ಒಂದೇ ಉತ್ತರ. ಏಜೆಂಟೇ ಎಲ್ಲರನ್ನೂ ಕೇಳಿ ಬರೆದುಕೊಂಡಿದೆಯೆಂದು ಅತ್ತೆಗೆ ಹಿಗ್ಗು. "ನಿನ್ನ ಏಜೆಂಟು ಬಂದಿದ್ದೇ ಬಂದಿದ್ದು, ಎಲ್ಲರಿಗೂ ಶಿಸ್ತು ಬಂತು ಕಣೋ!" ನಾನು ವಿನಯದಿಂದ ತಲೆ ಬಾಗಿಸಿದೆ.

ಮರುದಿನ ಬೆಳಿಗ್ಗೆ ಒಬ್ಬಟ್ಟಿನ ಗಡಿಬಿಡಿಯಲ್ಲಿ ಅತ್ತೆ ಎಂದೂ ಇಲ್ಲದಂತೆ ಶೀಟು ತೆರೆಯಲೇ ಇಲ್ಲ. ಮಧ್ಯಾಹ್ನ ಮೊದಲ ಕುಟುಂಬ ಡಬ್ಬಿ ತೆರೆಯಿತು: ಕೋಸಂಬರಿ. ಎರಡನೆಯದು: ಕೋಸಂಬರಿ. ಮೂರನೆಯವರು "ನಮ್ಮದು ಸ್ಪೆಷಲ್" ಎಂದು ಮುಚ್ಚಳ ತೆಗೆದರು: ಕಡಲೆಬೇಳೆ ಕೋಸಂಬರಿ! ಅಲ್ಲೇ ಹುಟ್ಟಿ ಬೆಳೆದ ಪುಟ್ಟ ಹುಡುಗಿಯೊಬ್ಬಳು ಸಾಲಾಗಿಟ್ಟ ಪಾತ್ರೆಗಳಲ್ಲಿ ಇಣುಕುತ್ತಾ, "ಇದುಂ ಸಾಲಡ್ ತನ್ನೆಯಾಣೋ, ಆಂಟೀ?" ಎಂದಳು. ಇದೂ ಸಾಲಡ್ಡೇನಾ ಎಂದು. ಅನ್ನವಿಲ್ಲ, ಸಾರಿಲ್ಲ, ಅತ್ತೆಯ ಒಬ್ಬಟ್ಟು ಬಿಟ್ಟರೆ ಇಡೀ ಹಾಲ್ ತುಂಬಾ ಹೆಸರುಬೇಳೆ ಮತ್ತು ಸೌತೆಕಾಯಿ.

ಅತ್ತೆ ಫೋನಿನಲ್ಲಿ ಶೀಟು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಖಾಲಿ ಇತ್ತಲ್ಲ ಅತ್ತೆ..."

"ಖಾಲಿ ಅಂದ್ರೆ ಖಾಲಿ ಅಲ್ಲ ಕಣೋ. ಇನ್ನೂ ಅವರನ್ನ ಕೇಳಿಲ್ಲ ಅಂತ."

ಅಷ್ಟೇ. ಹತ್ತಿರದ ಹೋಟೆಲಿಗೆ ಫೋನು ಮಾಡಿ ಅನ್ನ, ಸಾಂಬಾರ್, ಪಾಲಡ ಪಾಯಸ ತರಿಸಿದರು. ಕೆಳಗಿನ ಮನೆಯ ಚೇಚಿ, ಅಂದರೆ ಮಲಯಾಳಿ ಅಕ್ಕ, ಅವಿಯಲ್ ಕಳಿಸಿದರು. ಆಮೇಲೆ ಅತ್ತೆ ಚಪ್ಪಾಳೆ ತಟ್ಟಿ, "ಈ ಸಲ ಕೋಸಂಬರಿ ಸ್ಪರ್ಧೆ! ತೀರ್ಪುಗಾರ ನನ್ನ ತಮ್ಮನ ಮಗ" ಎಂದು ಸಾರಿಬಿಟ್ಟರು. ಎಲ್ಲರ ಕೋಸಂಬರಿಯನ್ನೂ ತಿಂದೆ. ಬಹುಮಾನ ಒಬ್ಬರಿಗೆ ಕೊಟ್ಟು ಉಳಿದೆಲ್ಲರ ದ್ವೇಷ ಕಟ್ಟಿಕೊಂಡೆ.

ಸಂಜೆ ತಂಪಾನೂರಿನ ಸ್ಟೇಷನ್ನಿಗೆ ಬಿಡಲು ಅತ್ತೆ ಮಂಡಿನೋವಿನಲ್ಲೂ ಬಂದರು. ನನಗೆ ತಡೆಯಲಾಗಲಿಲ್ಲ.

"ಶೀಟನ್ನ ಯಾರಿಗೂ ಮುಟ್ಟೋಕೆ ಬಿಡದವರು ನನಗ್ಯಾಕೆ ಕೊಟ್ರಿ ಅತ್ತೆ? ಬೇಡ ಅನ್ನಬಾರದಾಗಿತ್ತಾ?"

ಅತ್ತೆ ಸೆರಗಿನಿಂದ ನನ್ನ ಅಂಗಿಯ ಮೇಲಿದ್ದ ಸಾಸಿವೆ ಕಾಳು ಒರೆಸಿದರು.

"ನಿಮ್ಮಪ್ಪ ಹೋದ್ಮೇಲೆ ನೀನು ಬಾಯಿ ಬಿಟ್ಟು ಅಷ್ಟು ಮಾತಾಡಿದ್ದು ನಿನ್ನೇನೇ ಕಣೋ. ಆ ಎಐ, ಏಜೆಂಟು ಎಲ್ಲಾ ನಂಗೆಷ್ಟು ಅರ್ಥ ಆಯ್ತೋ ಬಿಡ್ತೋ. ನೀನು ನಿಲ್ಲಿಸಬಾರದು ಅಂತಿತ್ತು, ಅಷ್ಟೆ."

ಕೈಗೆ ಪಳಂಪೊರಿಯ, ಅದೇ ಬಾಳೆಹಣ್ಣಿನ ಬೋಂಡಾದ, ಪೊಟ್ಟಣ ತುರುಕಿ, ರೈಲು ಹೊರಡುವ ಮೊದಲೇ ತಿರುಗಿ ನಡೆದುಬಿಟ್ಟರು.

ಕೊಲ್ಲಂ ದಾಟಿದ ಮೇಲೆ ಎದುರು ಸೀಟಿನ ಮುದುಕಿ ನನ್ನನ್ನೇ ನೋಡುತ್ತಾ, "ಎಂದಿನಾ ಮೋನೇ ಕರಯುನ್ನೆ?" ಎಂದು ಕೇಳಿದರು. ಯಾಕೆ ಮಗಾ ಅಳ್ತೀಯಾ ಎಂದು.

ಬಾಳೆಹಣ್ಣಿನ ಬೋಂಡಾ ತುಂಬಾ ಬಿಸಿ ಅಮ್ಮಚ್ಚೀ, ಎಂದೆ. ಅದು ಆರಿ ಎಷ್ಟೋ ಹೊತ್ತಾಗಿತ್ತು.